ನಾರ್ವೆಯ ಕಡಲಕಣಿವೆಗಳಿಗೆ ಹೊರಡುವ ಮುನ್ನ

ಗೆದ್ದಲು ಮೇದ ಓಲೆಗರಿಯ ಅಂಚನ್ನು ಕಂಡವರಿಗೆ ನಾರ್ವೆ ದೇಶದ ಪಡುವಣ ಕರಾವಳಿಯನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ನಕ್ಷೆಯ ಮೇಲೆ ಆ ತೀರರೇಖೆ ಒಂದು ಅಂಗುಲದಷ್ಟೂ ನೆಟ್ಟಗೆ ಸಾಗುವುದಿಲ್ಲ. ಹರಿದಿದೆ, ಸೀಳಿದೆ, ಒಳಕ್ಕೆ ಬಾಗಿ ಮತ್ತೆ ಕವಲೊಡೆದಿದೆ. ಹೊರಗಿನಿಂದ ಹೊರಗೆ ನೂಲು ಹಿಡಿದು ಅಳೆದರೆ ಸುಮಾರು 2500 ಕಿಲೋಮೀಟರು ಬರುವ ಕರಾವಳಿ, ಸೀಳುಗಳ ಒಳಮೈಯನ್ನೆಲ್ಲ ಸುತ್ತಿ ಅಳೆದರೆ 28,000 ಕಿಲೋಮೀಟರನ್ನು ಮೀರುತ್ತದೆ. ಈ ಸೀಳುಗಳಿಗೆ ಫ್ಯೋರ್ಡ್ ಎಂದು ಹೆಸರು. ಕೊಲ್ಲಿಯೆಂದರೆ ಅಗಲವಾಯಿತು, ಅಳಿವೆಯೆಂದರೆ ನದಿಯ ಬಾಯಾಯಿತು. ಇದಕ್ಕೆ ನಮ್ಮಲ್ಲಿ ಮಾತಿಲ್ಲ, ಏಕೆಂದರೆ ನಮ್ಮಲ್ಲಿ ವಸ್ತುವೇ ಇಲ್ಲ. ‘ಕಡಲಕಣಿವೆ’ ಎಂಬುದು ನಾನೇ ಕಟ್ಟಿಕೊಂಡ ಮಾತು, ಒಗ್ಗದವರು ಬಿಡಬಹುದು. ಮೂಲ ಶಬ್ದದ ಅರ್ಥ ಇನ್ನೂ ಸ್ವಾರಸ್ಯವಾದುದು. ಭಾಷಾಶಾಸ್ತ್ರಜ್ಞರು ಅದನ್ನು ‘ದಾಟು’ ಎಂಬರ್ಥದ ಪುರಾತನ ಧಾತುವೊಂದಕ್ಕೆ ಒಯ್ದು ಮುಟ್ಟಿಸುತ್ತಾರೆ. ಸಂಸ್ಕೃತದ ‘ಪಾರ’ವೂ ಆ ಮನೆತನದ್ದೇ. ನೋಡುವವನಿಗೆ ತಡೆಯಾಗಿ ಕಾಣುವ ನೀರು ಅಲ್ಲಿಯ ಜನಕ್ಕೆ ದಾರಿಯಾಗಿತ್ತೆಂಬುದು ಆ ಹೆಸರಿನಲ್ಲಿಯೇ ಅಡಗಿದೆ.

ನನಗೆ ಈ ದಾರಿಯ ಹುಚ್ಚು ಹಿಡಿದುದು ನನ್ನ ಅಕ್ಕನಿಂದ. ಆಕೆ ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಭೂಗೋಳ ಪಾಠ ಹೇಳಿದವಳು. ವರ್ಷಕ್ಕೊಮ್ಮೆ, ಒಂಬತ್ತನೆಯ ತರಗತಿಯಲ್ಲಿ, ಹಿಮನದಿಯ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ ಎರಡು ಗೆರೆ ಎಳೆಯುವಳು. ನದಿ ಕೊರೆದ ಕಣಿವೆ ಇಂಗ್ಲಿಷಿನ ವಿ ಅಕ್ಷರದಂತೆ. ಹಿಮ ಕೊರೆದ ಕಣಿವೆ ಯು ಅಕ್ಷರದಂತೆ. ಆಮೇಲೆ ನೀಲಿ ಸೀಮೆಸುಣ್ಣದಿಂದ ಆ ಯು ಅಕ್ಷರದ ಹೊಟ್ಟೆಯನ್ನು ತುಂಬಿ, “ಹಿಮಯುಗ ಕಳೆದ ಮೇಲೆ ಸಮುದ್ರ ಒಳಗೆ ಬಂತು, ಇದೇ ಫ್ಯೋರ್ಡ್” ಎನ್ನುವಳು. ನಾನೂ ಆ ತರಗತಿಯಲ್ಲಿ ಕುಳಿತವನೇ. ನಿವೃತ್ತಿಯ ದಿವಸ ಹಾರ ಹಾಕಿಸಿಕೊಂಡು ಮನೆಗೆ ಬಂದವಳು, “ಇಷ್ಟು ಮಕ್ಕಳಿಗೆ ತೋರಿಸಿದೆ ಮಾರಾಯ, ನಾನು ಮಾತ್ರ ಕಾಣಲಿಲ್ಲ” ಎಂದು ನಕ್ಕಳು. ನಗೆಯ ಹಿಂದೆ ಇನ್ನೊಂದು ಮಾತಿತ್ತು. ಅದರ ಹಿಂದಿನ ವರ್ಷವಷ್ಟೇ ಆಕೆಗೆ ಗ್ಲಾಕೋಮಾ ಇದೆಯೆಂದು ಕಣ್ಣಿನ ವೈದ್ಯರು ಹೇಳಿದ್ದರು. ಹನಿ ಹಾಕಿಕೊಂಡು ಇರುವ ದೃಷ್ಟಿಯನ್ನು ಕಾಯ್ದುಕೊಳ್ಳಬಹುದು, ಹೋದದ್ದು ಮರಳುವುದಿಲ್ಲ. ಆಗಲೇ ಮಬ್ಬು ಬೆಳಕಿನಲ್ಲಿ ಆಕೆಗೆ ಮೆಟ್ಟಿಲು ತಪ್ಪುತ್ತಿತ್ತು. ಆದುದರಿಂದ ನಮ್ಮ ಯಾತ್ರೆಯಲ್ಲಿ ಋತುವನ್ನು ಆರಿಸುವ ಪ್ರಶ್ನೆ ಬರಿಯ ಹವೆಯ ಪ್ರಶ್ನೆಯಾಗಿರಲಿಲ್ಲ. ಇನ್ನೊಮ್ಮೆ ಹೋಗಿ ತಪ್ಪನ್ನು ತಿದ್ದಿಕೊಳ್ಳುವೆವೆಂಬ ಧೈರ್ಯ ನಮ್ಮ ಹಣದ ಚೀಲಕ್ಕೂ ಇರಲಿಲ್ಲ, ಆಕೆಯ ಕಣ್ಣಿಗೂ ಇರಲಿಲ್ಲ.

ಮೊದಲಿಗೆ ನಾವು ಮಾಡಿದುದು ಎಲ್ಲರೂ ಮಾಡುವ ಕೆಲಸವನ್ನೇ. ಪ್ರವಾಸದ ಏರ್ಪಾಡು ಮಾಡಿಕೊಡುವವರ ಒಂದು ಕಚೇರಿಗೆ ಹೋದೆವು. ಅಲ್ಲಿಯ ತರುಣನು ಬಣ್ಣದ ಹಾಳೆಯೊಂದನ್ನು ಮುಂದಿಟ್ಟನು. ಜುಲೈ ತಿಂಗಳು, ಹತ್ತು ದಿನ, ಎಂಟು ಬಂದರು. ಅರ್ಧರಾತ್ರಿಯ ಸೂರ್ಯ ಒಂದು ಪುಟದಲ್ಲಿ, ಹಸುರಾಗಿ ಆಕಾಶದಲ್ಲಿ ನರ್ತಿಸುವ ಧ್ರುವಪ್ರಭೆ ಎದುರು ಪುಟದಲ್ಲಿ. ಎರಡೂ ಒಂದೇ ಯಾತ್ರೆಯಲ್ಲಿ ಲಭ್ಯವೆಂಬಂತೆ ಬರೆದಿತ್ತು. ಅಕ್ಕ ಕನ್ನಡಕವನ್ನು ಏರಿಸಿಕೊಂಡು ಎರಡು ಪುಟಗಳನ್ನೂ ಓದಿದಳು.

“ಅಲ್ಲ ತಮ್ಮಾ, ಸೂರ್ಯ ಮುಳುಗುವುದೇ ಇಲ್ಲ ಅಂತ ಇಲ್ಲಿ ಬರೆದಿದ್ದೀರಿ. ಕತ್ತಲೆಯೇ ಆಗದ ಮೇಲೆ ಈ ಹಸುರು ಬೆಳಕು ಕಾಣುವುದು ಎಲ್ಲಿ?”

ತರುಣನು ಮೇಲಿನವರನ್ನು ಕೇಳಿ ಹೇಳುವೆನೆಂದನು. ನಾವು ಮನೆಗೆ ಬಂದು, ಅಕ್ಕನ ಹಳೆಯ ಭೂಪಟವನ್ನು ಊಟದ ಮೇಜಿನ ಮೇಲೆ ಹರಡಿದೆವು. ಆ ವಾರದ ಸಂಜೆಗಳಲ್ಲಿ ನಾವು ಕಲಿತುಕೊಂಡುದನ್ನೂ, ಬಳಿಕ ಕಂಡು ತಿಳಿದುದನ್ನೂ ಈ ದಾರಿ ಹಿಡಿಯಲಿರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೆಳಕಿನ ಲೆಕ್ಕ. ನಾರ್ವೆ ಉದ್ದನೆಯ ದೇಶ. ದಕ್ಷಿಣದ ಬೆರ್ಗೆನ್ ನಗರ 60 ಡಿಗ್ರಿ ಅಕ್ಷಾಂಶದ ಮೇಲಿದೆ. ಉತ್ತರದ ತುದಿಯ ನಾರ್ತ್‌ಕೇಪ್ 71ರ ಆಚೆಗಿದೆ. ಮಧ್ಯದಲ್ಲಿ ಅರುವತ್ತಾರೂವರೆ ಡಿಗ್ರಿಯ ಮೇಲೆ ಆರ್ಕ್ಟಿಕ್ ವೃತ್ತ ಹಾದುಹೋಗುತ್ತದೆ. ಸೂರ್ಯನು ಮುಳುಗದೆ ಉಳಿಯುವುದು ಈ ವೃತ್ತದ ಆಚೆಗೆ ಮಾತ್ರ. ನಾರ್ತ್‌ಕೇಪಿನಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ, ಟ್ರೊಮ್ಸೊ ಊರಿನಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ ಆ ವಿಸ್ಮಯವುಂಟು. ಆದರೆ ಹೆಸರಾಂತ ಫ್ಯೋರ್ಡುಗಳಾದ ಹಾರ್ಡಂಗರ್, ಸೊಗ್ನ, ಗೈರಂಗರ್‌ಗಳು ಇರುವುದು ವೃತ್ತಕ್ಕೆ ಬಹು ದೂರ ದಕ್ಷಿಣದಲ್ಲಿ, 60ರಿಂದ 62 ಡಿಗ್ರಿಗಳ ನಡುವೆ. ಅಲ್ಲಿ ಜೂನ್ ತಿಂಗಳಲ್ಲಿಯೂ ಸೂರ್ಯನು ರಾತ್ರಿ ಹನ್ನೊಂದರ ವೇಳೆಗೆ ಇಳಿದು ಮುಂಜಾನೆ ನಾಲ್ಕರ ಹೊತ್ತಿಗೆ ಮೇಲೇಳುತ್ತಾನೆ. ನಡುವಿನ ಅವಧಿಯೂ ಕತ್ತಲೆಯಲ್ಲ, ದೀರ್ಘವಾದ ಒಂದು ಸಂಜೆ. ಇದನ್ನರಿಯದೆ ಏಳು ದಿನದ ದಕ್ಷಿಣ ಪ್ರವಾಸಕ್ಕೆ ಚೀಟಿ ಕೊಂಡು, ಅರ್ಧರಾತ್ರಿಯ ಸೂರ್ಯನಿಗಾಗಿ ಮೇಲಟ್ಟದಲ್ಲಿ ಕಾದು ಕುಳಿತವರನ್ನು ನಾನು ಕಣ್ಣಾರೆ ಕಂಡೆ.

ಇನ್ನು ಧ್ರುವಪ್ರಭೆ. ಸೂರ್ಯನಿಂದ ಹೊರಟ ವಿದ್ಯುತ್ಕಣಗಳು ಭೂಮಿಯ ಕಾಂತಕ್ಷೇತ್ರಕ್ಕೆ ಸಿಕ್ಕಿ, ಧ್ರುವಗಳ ಸುತ್ತಣ ಮೇಲ್ಗಾಳಿಯನ್ನು ತಾಕಿ ಬೆಳಗುತ್ತವೆ. ಹೀಗೆಂದು ಮೊದಲಿಗೆ ಪ್ರಯೋಗಶಾಲೆಯಲ್ಲಿ ಕಾಂತಗೋಳವೊಂದನ್ನಿಟ್ಟು ತೋರಿಸಿದವನು ನಾರ್ವೆಯ ವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲಂಡ್. ಆ ಬೆಳಕಿಗೆ ಋತುವಿಲ್ಲ. ಬೇಸಗೆಯಲ್ಲಿಯೂ ಅದು ಅಲ್ಲಿಯೇ ಇರುತ್ತದೆ, ಹಗಲಿನ ನಕ್ಷತ್ರದಂತೆ. ಕಾಣಬೇಕಾದರೆ ಕತ್ತಲೆ ಬೇಕು. ಆದುದರಿಂದ ಸೆಪ್ಟೆಂಬರಿನ ಕೊನೆಯಿಂದ ಮಾರ್ಚಿನ ಕೊನೆಯವರೆಗೆ, ಅದೂ ಉತ್ತರಕ್ಕೆ, ಟ್ರೊಮ್ಸೊ ಆಸುಪಾಸಿಗೆ ಹೋಗಬೇಕು. ಮೋಡವಿದ್ದರೆ ಅದೂ ಇಲ್ಲ. ಒಂದು ಯಾತ್ರೆಗೆ ಒಂದೇ ಬೆಳಕು: ಇದು ಮೊದಲನೆಯ ನಿಯಮ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, “ಆ ಹಸುರು ಬೆಳಕು ನನ್ನ ಕಣ್ಣಿಗೆ ಎಟುಕುವುದಿಲ್ಲ, ಬಿಡು. ಹಗಲಿರುವಾಗಲೇ ಹೋಗೋಣ” ಎಂದಳು. ಒಂದು ಬಾಗಿಲು ಹಾಗೆ ಮುಚ್ಚಿತು. ಆಕೆ ಅದನ್ನು ಮುಚ್ಚಿದ ರೀತಿಯಲ್ಲಿ ಸಂಕಟವಿರಲಿಲ್ಲವೆಂದು ಹೇಳಲಾರೆ.

ಎರಡನೆಯದು ನೀರಿನ ಲೆಕ್ಕ. ಫ್ಯೋರ್ಡಿನ ಚೆಲುವಿನಲ್ಲಿ ಅರ್ಧ ಪಾಲು ಅದರ ಗೋಡೆಗಳ ಮೇಲಿಂದ ಧುಮುಕುವ ಜಲಪಾತಗಳದ್ದು. ನಮ್ಮ ಜಲಪಾತಗಳು ಮಳೆಯ ಮಕ್ಕಳು. ಅವು ತುಂಬುವುದು ಶ್ರಾವಣದಲ್ಲಿ. ಅಲ್ಲಿಯವು ಹಿಮದ ಮಕ್ಕಳು. ಚಳಿಗಾಲವಿಡೀ ಮೇಲ್ಬಯಲಿನಲ್ಲಿ ಕಟ್ಟಿಕೊಂಡ ಹಿಮ ಮೇ ತಿಂಗಳಲ್ಲಿ ಕರಗತೊಡಗಿ, ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಭೋರ್ಗರೆದು ಇಳಿಯುತ್ತದೆ. ಜುಲೈ ಕಳೆದಂತೆ ಹಲವು ಧಾರೆಗಳು ಸೊರಗುತ್ತವೆ. ಗೈರಂಗರ್ ಫ್ಯೋರ್ಡಿನ ‘ಏಳು ಸೋದರಿಯರು’ ಎಂಬ ಜಲಪಾತವನ್ನು ಚಿತ್ರದಲ್ಲಿ ನೋಡಿ ಆಗಸ್ಟಿನ ಕೊನೆಗೆ ಹೋದವರು ಏಳನ್ನೂ ಎಣಿಸುವುದು ಅಪರೂಪ. ಹಾರ್ಡಂಗರಿನ ವೋರಿಂಗ್ ಜಲಪಾತದ್ದು ಬೇರೆ ಕಥೆ. 182 ಮೀಟರು ಬೀಳುವ ಆ ನೀರನ್ನು ವಿದ್ಯುತ್ತಿಗಾಗಿ ಮೇಲೆಯೇ ತಿರುಗಿಸಿಕೊಂಡಿದ್ದಾರೆ. ಬೇಸಗೆಯ ತಿಂಗಳುಗಳಲ್ಲಿ ಮಾತ್ರ ಪ್ರವಾಸಿಗರ ಕಣ್ಣಿಗಾಗಿ ಇಷ್ಟೆಂದು ಲೆಕ್ಕಹಾಕಿ ಬಿಡುತ್ತಾರೆ. ಜೋಗದ ಎದುರು ನಿಂತು, ಇಂದು ನೀರು ಬಿಟ್ಟಿದ್ದಾರೆಯೇ ಎಂದು ಕೇಳಿ ರೂಢಿಯಿರುವ ನಮಗೆ ಇದರಲ್ಲಿ ಹೊಸತೇನೂ ಇಲ್ಲ.

ಮಳೆಯನ್ನೂ ಮರೆಯುವಂತಿಲ್ಲ. ಅಟ್ಲಾಂಟಿಕ್ ಸಾಗರದ ತೇವ ಹೊತ್ತ ಗಾಳಿ ಬೆರ್ಗೆನ್ನಿನ ಹಿಂದಣ ಬೆಟ್ಟಗಳಿಗೆ ಬಡಿದು, ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಆಗುಂಬೆಯ ಲೆಕ್ಕಕ್ಕೆ ಇದು ಏನೂ ಅಲ್ಲ. ಆದರೆ ಆಗುಂಬೆಯಲ್ಲಿ ಮಳೆ ಬರುವುದು ಯಾವಾಗ, ನಿಲ್ಲುವುದು ಯಾವಾಗ ಎಂದು ಹೇಳಬಹುದು, ಬೆರ್ಗೆನ್ನಿನಲ್ಲಿ ಹೇಳಲಾಗುವುದಿಲ್ಲ. ಆದರೂ ಏಪ್ರಿಲ್, ಮೇ, ಜೂನ್ ತಿಂಗಳುಗಳು ಹೋಲಿಕೆಯಲ್ಲಿ ಒಣ ತಿಂಗಳುಗಳು. ಸೆಪ್ಟೆಂಬರಿನಿಂದ ಮುಂದೆ ಸುರಿಮಳೆ. ಫ್ಯೋರ್ಡಿನ ಒಳತುದಿಗೆ ಹೋದಷ್ಟೂ ಮಳೆ ಇಳಿಯುತ್ತದೆ. ಸೊಗ್ನ ಫ್ಯೋರ್ಡಿನ ಕೊನೆಯಲ್ಲಿರುವ ಲ್ಯಾರ್ದಾಲ್ ಎಂಬ ಕಣಿವೆಗೆ ಬೆರ್ಗೆನ್ನಿನ ಮಳೆಯ ಕಾಲು ಭಾಗವೂ ಬೀಳುವುದಿಲ್ಲ. ಘಟ್ಟದ ನೆತ್ತಿಗೂ ಅದರ ಮೂಡಣ ಬಯಲಿಗೂ ಇರುವ ಅಂತರವನ್ನು ಬಲ್ಲ ನಮ್ಮವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವೆರಡು ಲೆಕ್ಕಗಳನ್ನು ಕೂಡಿಸಿದಾಗ ಉಳಿಯುವುದು ಮೇ ತಿಂಗಳ ಮೂರನೆಯ ವಾರದಿಂದ ಜೂನ್ ಕೊನೆಯವರೆಗಿನ ನಲವತ್ತು ದಿನ. ಈ ನಲವತ್ತರ ಒಳಗೂ ತಾರತಮ್ಯವುಂಟು. ಮೇ 17 ನಾರ್ವೆಯ ರಾಜ್ಯಾಂಗದ ದಿನ. 1814ರಲ್ಲಿ ಆ ರಾಜ್ಯಾಂಗಕ್ಕೆ ಸಹಿ ಬಿದ್ದುದರ ನೆನಪಿಗೆ ಊರೂರಿನಲ್ಲಿ ಮಕ್ಕಳು ಬಾವುಟ ಹಿಡಿದು ಮೆರವಣಿಗೆ ಹೊರಡುತ್ತಾರೆ, ಹೆಂಗಸರೂ ಗಂಡಸರೂ ತಮ್ಮ ತಮ್ಮ ಸೀಮೆಯ ಕಸೂತಿಯ ಉಡುಗೆ ತೊಡುತ್ತಾರೆ. ಅದೇ ವಾರದಿಂದ ಹಾರ್ಡಂಗರ್ ದಂಡೆಯ ಸೇಬಿನ ತೋಟಗಳು ಹೂವಾಗುತ್ತವೆ. ಹದಿಮೂರನೆಯ ಶತಮಾನದಲ್ಲಿ ಕ್ರೈಸ್ತ ಸನ್ಯಾಸಿಗಳು ಅಲ್ಲಿ ಹಣ್ಣಿನ ಬೇಸಾಯವನ್ನು ಕಲಿಸಿಹೋದರಂತೆ. ಕೆಳಗೆ ನೀರು, ನಡುವೆ ಬಿಳಿಯ ಹೂ, ಮೇಲೆ ಬಿಳಿಯ ಹಿಮ. ಇದು ಎರಡು ವಾರದ ಸಂಪತ್ತು. ಆದರೆ ಆಗಿನ್ನೂ ಬೆಟ್ಟದ ಮೇಲಿನ ಹಲವು ರಸ್ತೆಗಳು ಹಿಮದಿಂದ ಮುಚ್ಚಿಯೇ ಇರುತ್ತವೆ. ಕೆಲವು ತೆರೆಯುವುದು ಜೂನಿನಲ್ಲಿ. ಹೂ ಬೇಕಾದವನು ಶಿಖರವನ್ನು ಬಿಡಬೇಕು, ಶಿಖರ ಬೇಕಾದವನು ಹೂವನ್ನು ಬಿಡಬೇಕು. ಜುಲೈ ಬೆಚ್ಚಗಿರುವುದು ನಿಜ. ಆದರೆ ಆಗ ಯೂರೋಪಿಗೆಲ್ಲ ರಜೆ. ದರವೂ ಏರುತ್ತದೆ, ದಂಡೆಯ ಮೇಲೆ ಜನವೂ ಏರುತ್ತದೆ. ಇನ್ನೂರು ಮುನ್ನೂರು ಜನ ವಾಸಿಸುವ ಗೈರಂಗರ್ ಹಳ್ಳಿಗೆ ಒಂದೇ ದಿನ ಸಾವಿರಗಟ್ಟಲೆ ಜನ ಇಳಿದರೆ ಹೇಗಿರಬಹುದೆಂದು ಓದುಗರೇ ಊಹಿಸಿಕೊಳ್ಳಲಿ.

ಚಳಿಗಾಲವನ್ನು ನಾನು ತೆಗೆದುಹಾಕುತ್ತಿಲ್ಲ. ಆದರೆ ಅದಕ್ಕೆ ತಕ್ಕ ಹಡಗು ಬೇರೆ. 1893ರ ಜುಲೈ 2ರಂದು ರಿಕಾರ್ಡ್ ವಿತ್ ಎಂಬ ಕಪ್ತಾನನು ‘ವೆಸ್ಟೆರೋಲೆನ್’ ಎಂಬ ಉಗಿಹಡಗನ್ನು ಟ್ರೊಂಡ್‌ಹೈಮಿನಿಂದ ಹ್ಯಾಮರ್‌ಫೆಸ್ಟಿಗೆ ಹೊರಡಿಸಿದನು. ಟಪಾಲು, ಸಾಮಾನು, ಜನ ಎಲ್ಲವನ್ನೂ ಹೊತ್ತು ಕತ್ತಲೆಯ ಚಳಿಗಾಲದಲ್ಲಿಯೂ ತಪ್ಪದೆ ಓಡಾಡುವ ತೀರಯಾನದ ಸೇವೆ ಅಂದು ಮೊದಲಾಯಿತು. ಅದೇ ಹುರ್ಟಿಗ್ರುಟನ್, ಎಂದರೆ ‘ವೇಗದ ಹಾದಿ’. ಇಂದು ಎರಡು ಸಂಸ್ಥೆಗಳು ಹಂಚಿಕೊಂಡು ನಡೆಸುವ ಈ ಹಡಗುಗಳು ಬೆರ್ಗೆನ್ನಿನಿಂದ ರಷ್ಯದ ಗಡಿಯ ಬಳಿಯ ಕಿರ್ಕೆನೆಸ್‌ವರೆಗೆ 34 ಬಂದರುಗಳನ್ನು ಮುಟ್ಟಿ, ಹೋಗಿ ಬರುವುದಕ್ಕೆ 12 ದಿನ ತೆಗೆದುಕೊಳ್ಳುತ್ತವೆ. ನಮ್ಮ ಹಳ್ಳಿಗಾಡಿನ ಬಸ್ಸಿನಂತೆ ನಡುರಾತ್ರಿಯಲ್ಲಿಯೂ ನಿಲ್ಲಿಸಿ ಪೆಟ್ಟಿಗೆ ಇಳಿಸಿ ಮುಂದೆ ಹೋಗುವ ಹಡಗು. ಗಲ್ಫ್ ಪ್ರವಾಹದ ಬಿಸಿಯಿಂದಾಗಿ ಆ ತೀರದ ಬಂದರುಗಳು ಹೆಪ್ಪುಗಟ್ಟುವುದಿಲ್ಲ. ಧ್ರುವಪ್ರಭೆಯನ್ನು ಬಯಸುವವರು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಈ ಹಡಗನ್ನು ಹಿಡಿಯುವುದು ಲೇಸು. ಹಗಲೂ ಸಾಕಷ್ಟಿರುತ್ತದೆ, ರಾತ್ರಿಯೂ ಸಾಕಷ್ಟಿರುತ್ತದೆ, ಲೋಫೋಟನ್ ದ್ವೀಪಗಳಲ್ಲಿ ಕಾಡ್ ಮೀನಿನ ಸುಗ್ಗಿಯೂ ಆಗಲೇ. ಡಿಸೆಂಬರಿನಲ್ಲಿ ಹೋದವರಿಗೆ ಟ್ರೊಮ್ಸೊದಲ್ಲಿ ಸೂರ್ಯ ಮೂಡುವುದೇ ಇಲ್ಲ. ಆದರೆ ಇದು ಕರಾವಳಿಯ ಯಾತ್ರೆ. ದಕ್ಷಿಣದ ಆಳವಾದ ಫ್ಯೋರ್ಡುಗಳ ಒಳಗೆ ಇದು ಚಳಿಗಾಲದಲ್ಲಿ ತಿರುಗುವುದಿಲ್ಲ.

ಇನ್ನು ದಾರಿ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಯಾವ ಬಣ್ಣದ ಹಾಳೆಯಲ್ಲಿಯೂ ಅದನ್ನು ಬರೆದುದನ್ನು ನಾನು ಕಾಣೆ. ಫ್ಯೋರ್ಡ್ ಇರುವುದು ಬಂದರಿನಲ್ಲಲ್ಲ, ಬಂದರಿಗೆ ಹೋಗುವ ಹಾದಿಯಲ್ಲಿ. ಸೊಗ್ನ ಫ್ಯೋರ್ಡ್ 200 ಕಿಲೋಮೀಟರಿಗೂ ಉದ್ದ. ಅದರ ಬಾಯಿಂದ ಒಳತುದಿಯ ಫ್ಲಾಮ್ ಹಳ್ಳಿಯವರೆಗೆ ಹೋಗಲು ಹಡಗಿಗೆ ಐದಾರು ಗಂಟೆ ಬೇಕು. ಹಡಗಿನವರು ಈ ದಾರಿಯನ್ನು ಸಾಮಾನ್ಯವಾಗಿ ರಾತ್ರಿ ಸವೆಸಿ, ಬೆಳಗ್ಗೆ ತಿಂಡಿಯ ವೇಳೆಗೆ ನಿಮ್ಮನ್ನು ದಂಡೆಗೆ ತಂದು ನಿಲ್ಲಿಸುತ್ತಾರೆ. ಅಕ್ಟೋಬರಿನಲ್ಲಿ ಅದೇ ಹಡಗು, ಅದೇ ಬಂದರು, ಅರ್ಧ ದರ. ಆದರೆ ನೀವು ನೋಡಬೇಕೆಂದು ಬಂದುದೆಲ್ಲ ಕತ್ತಲೆಯಲ್ಲಿ ಹಿಂದೆ ಸರಿದುಹೋಗಿರುತ್ತದೆ. ಮೇ ಕೊನೆಯಲ್ಲಿ ಬೆರ್ಗೆನ್ ಸೀಮೆಯ ಹಗಲು ಹದಿನೆಂಟು ಗಂಟೆ, ಅಕ್ಟೋಬರ್ ಕೊನೆಯಲ್ಲಿ ಒಂಬತ್ತು, ಡಿಸೆಂಬರಿನಲ್ಲಿ ಆರು. ಆದುದರಿಂದ ಚೀಟಿ ಕೊಳ್ಳುವಾಗ ಬಂದರುಗಳ ಹೆಸರನ್ನು ಎಣಿಸಬೇಡಿ. ಹಡಗು ಎಷ್ಟು ಗಂಟೆಗೆ ಬಂದರು ಮುಟ್ಟುತ್ತದೆ, ಎಷ್ಟು ಗಂಟೆಗೆ ಬಿಡುತ್ತದೆ ಎಂದು ಕೇಳಿ, ಆ ದಿನದ ಸೂರ್ಯೋದಯ ಸೂರ್ಯಾಸ್ತಗಳ ಪಕ್ಕದಲ್ಲಿಟ್ಟು ನೋಡಿ. ಎಂಟು ಬಂದರಿನ ಯಾತ್ರೆಗಿಂತ ನಾಲ್ಕು ಬಂದರಿನದು ಹಲವು ವೇಳೆ ಹೆಚ್ಚು ಫ್ಯೋರ್ಡನ್ನು ತೋರಿಸುತ್ತದೆ. ಕಿಟಕಿಯಿರುವ ಕೋಣೆಗೆ ಹೆಚ್ಚು ಹಣ ಕೊಡಬೇಕೆ ಎಂದು ಹಲವರು ಕೇಳುತ್ತಾರೆ. ಕೋಣೆಯ ಕಿಟಕಿಗೆ ಒಂದೇ ದಂಡೆ. ಮೇಲಟ್ಟಕ್ಕೆ ಎರಡೂ ದಂಡೆ. ಆ ಹಣದಲ್ಲಿ ನಾವು ಇಬ್ಬರಿಗೂ ಒಳ್ಳೆಯ ಉಣ್ಣೆಯ ಅಂಗಿ ಕೊಂಡೆವು.

ಎಲ್ಲಿಂದ ಹಡಗು ಹತ್ತಬೇಕೆಂಬುದು ಕಾಗದಪತ್ರದ ವಿಚಾರ, ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ಹಲವು ಹಡಗುಗಳಿವೆ. ಆದರೆ ನಮ್ಮ ದೇಶದವರಿಗೆ ಅದಕ್ಕೆ ಬ್ರಿಟನ್ನಿನ ವೀಸಾ ಒಂದು, ಷೆಂಗೆನ್ ವೀಸಾ ಇನ್ನೊಂದು, ಹೀಗೆ ಎರಡು ಬೇಕು. ಜರ್ಮನಿಯ ಹ್ಯಾಂಬರ್ಗ್, ಕೀಲ್, ಡೆನ್ಮಾರ್ಕಿನ ಕೋಪನ್‌ಹೇಗನ್ ಇಲ್ಲಿಂದಾದರೆ ಷೆಂಗೆನ್ ಒಂದೇ ಸಾಕು. ನಾರ್ವೆ ಯೂರೋಪಿನ ಒಕ್ಕೂಟಕ್ಕೆ ಸೇರಿಲ್ಲವಾದರೂ ಷೆಂಗೆನ್ನಿಗೆ ಸೇರಿದೆ. ಅರ್ಜಿಯನ್ನು ಆರು ತಿಂಗಳು ಮುಂಚಿನಿಂದ ಕೊಡಬಹುದು. ಕೊನೆಯ ತಿಂಗಳಿಗೆ ಬಿಡುವುದು ಅವಿವೇಕ. ನಾನು ಬಿಟ್ಟಿದ್ದೆ. ಪದವಿ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟುಗಳ ನಡುವೆ ಕುಳಿತು, ಪಾಸ್‌ಪೋರ್ಟು ಬರುವುದೋ ಇಲ್ಲವೋ ಎಂದು ಎದೆ ಹಿಡಿದುಕೊಂಡ ಆ ಹದಿನೈದು ದಿನಗಳನ್ನು ನೆನೆಯಲಾರೆ. ಆ ಮೌಲ್ಯಮಾಪನದ ದೆಸೆಯಿಂದಲೇ ಹಾರ್ಡಂಗರಿನ ಹೂವೂ ನಮ್ಮ ಕೈ ತಪ್ಪಿತು. ನನಗೆ ಬಿಡುವಾದುದು ಮೇ ಕೊನೆಗೆ.

ಹೀಗೆ 2024ರ ಮೇ ಕೊನೆಯ ವಾರದಲ್ಲಿ ನಾವು ಹ್ಯಾಂಬರ್ಗಿನಿಂದ ಹೊರಟೆವು. ಏಳು ರಾತ್ರಿ, ನಾಲ್ಕು ಬಂದರು: ಫ್ಲಾಮ್, ಗೈರಂಗರ್, ಓಲೆಸುಂಡ್, ಬೆರ್ಗೆನ್. ನನ್ನ ನಾಲ್ಕು ತಿಂಗಳ ಸಂಬಳ, ಅಕ್ಕನ ನಿವೃತ್ತಿಯ ಹಣದಲ್ಲಿ ಒಂದು ಪಾಲು. ಮೊದಲನೆಯ ದಿನವೆಲ್ಲ ಉತ್ತರ ಸಮುದ್ರ, ಬೂದುಬಣ್ಣದ ನೀರು, ಹೇಳುವಂಥದೇನೂ ಇಲ್ಲ. ಹಡಗಿನಲ್ಲಿ ಸಸ್ಯಾಹಾರ ಸಿಗುತ್ತದೆ. ಅಕ್ಕ ತಂದಿದ್ದ ಚಟ್ನಿಪುಡಿ ಅದನ್ನು ಊಟವನ್ನಾಗಿ ಮಾಡಿತು.

ಎರಡನೆಯ ರಾತ್ರಿ ನಾವು ಮಲಗಲಿಲ್ಲ. ಎರಡೂವರೆ ಗಂಟೆಗೆ ಆಕಾಶ ಬೆಳ್ಳಗಾಗತೊಡಗಿದಾಗ ಹಡಗು ಸೊಗ್ನ ಫ್ಯೋರ್ಡಿನ ಒಳಗಿತ್ತು. ಬಾಯಿಯ ಬಳಿ ದಂಡೆಗಳು ಅಷ್ಟೇನೂ ಎತ್ತರವಲ್ಲ. ಅಲ್ಲಿ ನೀರೂ ಆಳವಲ್ಲ. ಒಳಗೆ 1300 ಮೀಟರಿನವರೆಗೆ ಆಳವಿರುವ ಫ್ಯೋರ್ಡಿಗೆ ಕಡಲಿನ ಬಳಿ ಒಂದು ಹೊಸ್ತಿಲಿದೆ. ಹಿಮನದಿ ಕಡಲಿನ ಹತ್ತಿರ ಬಂದಂತೆ ತೆಳುವಾಗಿ, ಕೊರೆಯುವ ಬಲ ಕುಂದಿ, ತಳದ ಬಂಡೆಯನ್ನು ಹಾಗೆಯೇ ಬಿಟ್ಟಿತು. “ಈ ಹೊಸ್ತಿಲು ಪರೀಕ್ಷೆಗೆ ಬರುತ್ತಿತ್ತು, ಎರಡು ಅಂಕಕ್ಕೆ” ಎಂದಳು ಅಕ್ಕ. ಬಾಲೆಸ್ಟ್ರಾಂಡ್ ಎಂಬ ಊರು ಎಡಕ್ಕೆ ಸರಿಯಿತು. ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನು 1889ರಿಂದ ಬೇಸಗೆಯಲ್ಲಿ ಈ ಫ್ಯೋರ್ಡುಗಳಿಗೆ ತನ್ನ ವಿಹಾರನೌಕೆಯನ್ನು ತರುತ್ತಿದ್ದನು. 1914ರ ಜುಲೈಯಲ್ಲಿ ಯೂರೋಪು ಯುದ್ಧದ ಅಂಚಿಗೆ ಬಂದು ನಿಂತಾಗ ಅವನಿದ್ದುದು ಇಲ್ಲಿಯೇ. ಜುಲೈ 25ರಂದು ಅವಸರದಲ್ಲಿ ಹಿಂದಿರುಗಿದವನು ಮತ್ತೆ ಬರಲಿಲ್ಲ. ಬಿಳಿಯ ಮನೆಗಳೂ ಹಸುರು ಹುಲ್ಲೂ ಇರುವ ಆ ದಂಡೆಯನ್ನು ನೋಡುತ್ತ ಮಹಾಯುದ್ಧವನ್ನು ನೆನೆಯುವುದು ಕಷ್ಟವಾಗಿತ್ತು.

ಫ್ಲಾಮ್‌ನಲ್ಲಿ ಇಳಿದವರು ಸಾಮಾನ್ಯವಾಗಿ ರೈಲಿಗೆ ಓಡುತ್ತಾರೆ. 20 ಕಿಲೋಮೀಟರಿನಲ್ಲಿ ಕಡಲಮಟ್ಟದಿಂದ 867 ಮೀಟರು ಎತ್ತರದ ಮಿರ್ದಾಲ್‌ಗೆ ಏರುವ ಆ ಹಾದಿ 1940ರಲ್ಲಿ ತೆರೆದದ್ದು. ಅದ್ಭುತವಾದ ಕೆಲಸ, ಸಂಶಯವಿಲ್ಲ. ಆದರೆ ಅದರಲ್ಲಿ 20 ಸುರಂಗಗಳಿವೆ. ನಮಗೆ ಕತ್ತಲೆ ಬೇಡವಾಗಿತ್ತು. ನಾವು ವಿದ್ಯುತ್ತಿನಿಂದ ನಡೆಯುವ ಚಿಕ್ಕ ನಾವೆಯೊಂದನ್ನು ಹತ್ತಿ ನೇರೊಯ್ ಫ್ಯೋರ್ಡಿನೊಳಗೆ ಗುಡ್‌ವಾಂಗೆನ್‌ವರೆಗೆ ಹೋದೆವು. ಅದು ಅತಿ ಕಿರಿದಾದ ಕಡೆ 250 ಮೀಟರು ಅಗಲ. ದಂಡೆಯ ಬೆಟ್ಟಗಳು ಸಾವಿರ ಮೀಟರಿಗೆ ಮೇಲ್ಪಟ್ಟವು. ನಾವೆಗೆ ಎಂಜಿನಿನ ಸದ್ದಿಲ್ಲದ್ದರಿಂದ ನೀರು ಬಂಡೆಯಿಂದ ಜಾರುವ ದನಿ ಕೇಳುತ್ತಿತ್ತು. ಈ ಫ್ಯೋರ್ಡನ್ನೂ ಗೈರಂಗರನ್ನೂ ಯುನೆಸ್ಕೋ ಸಂಸ್ಥೆ 2005ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇಂಥ ಇಕ್ಕಟ್ಟಿನಲ್ಲಿ ದೊಡ್ಡ ಹಡಗುಗಳ ಹೊಗೆ ಮೇಲೇಳದೆ ಕಣಿವೆಯಲ್ಲಿಯೇ ತಂಗುತ್ತಿದ್ದುದರಿಂದ ನಾರ್ವೆಯ ಸಂಸತ್ತು 2018ರಲ್ಲಿ ಒಂದು ನಿರ್ಣಯ ಮಾಡಿತು. ಅದರ ಫಲವಾಗಿ 2026ರ ಜನವರಿ 1ರಿಂದ 10,000 ಟನ್ನಿಗಿಂತ ಚಿಕ್ಕ ಪ್ರವಾಸಿ ಹಡಗುಗಳು ಹೊಗೆಯುಗುಳದೆ ಈ ನೀರಿಗೆ ಬರಬೇಕು. ದೊಡ್ಡವಕ್ಕೆ 2032ರವರೆಗೆ ಗಡುವು ಕೊಟ್ಟಿದ್ದಾರೆ. ಹೆಚ್ಚು ಹೊಗೆ ಉಗುಳುವವರಿಗೇ ಹೆಚ್ಚು ಕಾಲಾವಕಾಶ ಸಿಕ್ಕಿತೇಕೆ ಎಂದು ಕೇಳುವ ಅಧಿಕಾರ ನನಗಿಲ್ಲ. ನಾನೂ ಅಂಥದೇ ಹಡಗಿನಲ್ಲಿ ಹೋದವನು. ಆದರೆ ಮುಂದೆ ಹೋಗುವವರು ದೊಡ್ಡ ಹಡಗು ಯಾವ ಫ್ಯೋರ್ಡಿನವರೆಗೆ ಬರುತ್ತದೆ, ಎಲ್ಲಿಂದ ಚಿಕ್ಕ ನಾವೆಯಾಗಬೇಕು ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮಾರನೆಯ ಮುಂಜಾನೆ ಗೈರಂಗರಿಗೆ ಹೋಗುವ ದಾರಿಯಲ್ಲಿ ಸುನ್ನುಲ್ವ್ಸ್ ಫ್ಯೋರ್ಡಿನ ಗೋಡೆಯ ಮೇಲೆ ಓಕರ್ನೆಸ್ ಎಂಬ ಬೆಟ್ಟದ ಪಾರ್ಶ್ವವಿದೆ. ಅದರಲ್ಲಿ ಬಿರುಕೊಂದು ವರ್ಷವರ್ಷಕ್ಕೂ ಅಗಲವಾಗುತ್ತಿದೆ. ಯಂತ್ರಗಳನ್ನಿಟ್ಟು ಹಗಲಿರುಳು ಕಾಯುತ್ತಿದ್ದಾರೆ. ಕಾರಣವಿದೆ. ಪಕ್ಕದ ತಾಫ್ಯೋರ್ಡಿನಲ್ಲಿ 1934ರ ಏಪ್ರಿಲ್ 7ರ ರಾತ್ರಿ ಬೆಟ್ಟದ ಬಂಡೆ ಕಳಚಿ ನೀರಿಗೆ ಬಿದ್ದು, ಎದ್ದ ಅಲೆ ದಂಡೆಯ ಹಳ್ಳಿಗಳನ್ನು ಬಡಿದು 40 ಮಂದಿ ಸತ್ತರು. ಚಿತ್ರದಂತೆ ನಿಶ್ಚಲವಾಗಿ ಕಾಣುವ ಆ ಗೋಡೆಗಳು ಇನ್ನೂ ತಮ್ಮ ಕೆಲಸವನ್ನು ಮುಗಿಸಿಲ್ಲ.

ಗೈರಂಗರ್ ಫ್ಯೋರ್ಡ್ ಕೇವಲ 15 ಕಿಲೋಮೀಟರು. ಬೆಳಗ್ಗೆ ಆರು ಗಂಟೆಗೆ ತಿರುವಿನಲ್ಲಿ ಬಿಸಿಲು ಬಂದಿತು, ಏಳು ಸೋದರಿಯರೂ ಬಂದರು. ನಾನು ಎಣಿಸಿದೆ: ಏಳು. ಎದುರು ದಂಡೆಯಲ್ಲಿ ಒಂಟಿ ಜಲಪಾತವೊಂದು ಬೀಳುತ್ತದೆ. ಅದರ ಹೆಸರು ‘ವರ’. ಏಳು ಮಂದಿಯನ್ನೂ ಕೇಳಿ ಒಬ್ಬಳೂ ಒಲ್ಲೆನೆಂದಾಗ ಅವನು ಕುಡಿತಕ್ಕೆ ಬಿದ್ದನಂತೆ. ಧಾರೆಯ ನಡುವೆ ಸೀಸೆಯ ಆಕಾರ ಕಾಣುವುದು ಅದಕ್ಕೇ ಎಂದು ಜನ ಹೇಳುತ್ತಾರೆ. ಅಕ್ಕ ಕಥೆಯನ್ನು ಕೇಳಿಸಿಕೊಳ್ಳಲಿಲ್ಲ. ದುರ್ಬೀನನ್ನು ಬಲಗಣ್ಣಿಗೆ ಒತ್ತಿಕೊಂಡು ಗೋಡೆಯನ್ನು ಮೇಲಿಂದ ಕೆಳಗಿನವರೆಗೆ, ಒಂದು ಸಾಲನ್ನೂ ಬಿಡದೆ ಓದುವವಳಂತೆ, ನೋಡುತ್ತಿದ್ದಳು. ಪಕ್ಕದ ನೋಟ ಕಿರಿದಾದವರು ತಲೆಯನ್ನೇ ತಿರುಗಿಸಿ ತಿರುಗಿಸಿ ನೋಡಬೇಕಾಗುತ್ತದೆ. ಹಡಗು ನಿಧಾನವಾಗಿ ಹೋಗುತ್ತಿದ್ದುದು ಆಕೆಗಾಗಿಯೇ ಎನ್ನಿಸಿತು.

“ಅಲ್ಲಿ ನೋಡು, ಮನೆ!” ಎಂದಳು.

ನೀರಿನಿಂದ 250 ಮೀಟರು ಮೇಲೆ, ಬಂಡೆಯ ಅಂಚಿನ ಮೇಲೆ, ಹುಲ್ಲು ಹೊದೆಸಿದ ಮಾಡಿನ ಎರಡು ಮೂರು ಮರದ ಮನೆಗಳು. ಸ್ಕಾಗೆಫ್ಲೊ ಎಂದು ಆ ಹೊಲಮನೆಯ ಹೆಸರು. ಹಿಡಿಯಷ್ಟು ಹುಲ್ಲುಗಾವಲಿಗಾಗಿ ಆಡು ಸಾಕಿಕೊಂಡು ಜನ ಅಲ್ಲಿ ತಲೆಮಾರುಗಳ ಕಾಲ ಬದುಕಿದರು. ಕಂದಾಯದವರು ಬರುವ ಸುದ್ದಿ ಬಂದಾಗ ದಾರಿಯ ಏಣಿಯನ್ನು ಮೇಲಕ್ಕೆಳೆದುಕೊಳ್ಳುತ್ತಿದ್ದರೆಂಬ ಕಥೆಯಿದೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕೊನೆಯ ಮನೆಯವರೂ ಇಳಿದುಹೋದರು. 1993ರಲ್ಲಿ ನಾರ್ವೆಯ ದೊರೆ ಹರಾಲ್ಡ್ ಮತ್ತು ರಾಣಿ ಸೋನ್ಯಾ ತಮ್ಮ ಮದುವೆಯ ಇಪ್ಪತ್ತೈದನೆಯ ವರ್ಷವನ್ನು ಅಲ್ಲಿಗೆ ಏರಿ ಆಚರಿಸಿಕೊಂಡರು. ಇವೆಲ್ಲವನ್ನೂ ನಾನು ಓದಿಕೊಂಡು ಹೋಗಿದ್ದೆ, ಆಕೆಗೆ ಹೇಳಿದೆ.

ಅಕ್ಕ ದುರ್ಬೀನನ್ನು ಇಳಿಸದೆಯೇ, “ಮೂವತ್ತನಾಲ್ಕು ವರ್ಷ ಈ ಚಿತ್ರ ಬರೆದೆ. ಮೇಲೆ ಹಿಮ ಬರೆದೆ, ಕೆಳಗೆ ನೀರು ಬರೆದೆ. ಒಂದು ಮನೆ ಬರೆಯಬೇಕು ಅಂತ ಹೊಳೆಯಲೇ ಇಲ್ಲ ನೋಡು” ಎಂದಳು.

ಸಂಜೆ ಐದಕ್ಕೆ ಹಡಗು ಅದೇ ದಾರಿಯಲ್ಲಿ ಹೊರಟಿತು. ಬಿಸಿಲು ಈಗ ಎದುರು ಗೋಡೆಯ ಮೇಲಿತ್ತು. ಕಡಲು ಸೇರಲು ಇನ್ನೂ ಆರು ಗಂಟೆಯ ಹಾದಿ, ಸೂರ್ಯ ಮುಳುಗಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಕೆಳಗೆ ಊಟದ ಗಂಟೆ ಬಾರಿಸಿದರು. ಮೇಲಟ್ಟದ ಜನ ಕರಗಿತು. ನಾವು ಕುರ್ಚಿಗಳನ್ನು ಈಚೆಯ ಕಂಬಿಯಿಂದ ಆಚೆಯ ಕಂಬಿಗೆ ಎಳೆದುಕೊಂಡು, ಬೆಳಗ್ಗೆ ಬಿಟ್ಟುಹೋಗಿದ್ದ ದಂಡೆಯನ್ನು ನೋಡುತ್ತ ಕುಳಿತೆವು.